ಜರ್ಮನಿಯ ಪೇಸ್ಲಿಪ್‌ನಲ್ಲಿ ಕಡಿತವಾಗುವ ಹಣ ಯಾರಿಗೆ ಸೇರುತ್ತದೆ?

ಜರ್ಮನಿಯಲ್ಲಿ ಕೆಲಸಕ್ಕೆ ಸೇರಿದವರು ಮೊದಲ ತಿಂಗಳ ಪೇಸ್ಲಿಪ್ ನೋಡಿ ಗಾಬರಿಯಾಗುವುದು ತುಂಬಾ ಸಾಮಾನ್ಯ. ಆಫರ್ ಲೆಟರ್‌ನಲ್ಲಿ ತಿಂಗಳಿಗೆ 5,000 ಯೂರೋ ಅಂತ ಇರುತ್ತದೆ. ಮದುವೆಯಾಗದ, ಮಕ್ಕಳಿಲ್ಲದ ಒಬ್ಬರ ಖಾತೆಗೆ ಬಂದು ಬೀಳುವುದು 3,100 ಯೂರೋ ಆಸುಪಾಸು. ಮಿಕ್ಕ 1,900 ಎಲ್ಲಿ ಹೋಯಿತು? ಬೆಂಗಳೂರಿನಿಂದ ಹೋದವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಇದೇ. ‘ಎಲ್ಲ ಟ್ಯಾಕ್ಸ್‌ಗೇ ಹೋಗುತ್ತೆ’ ಅನ್ನುವ ಉತ್ತರ ಕೂಡಲೇ ಸಿಗುತ್ತದೆ. ಆ ಉತ್ತರ ತಪ್ಪು.

2026ರ ದರಗಳನ್ನೇ ಹಿಡಿಯೋಣ. ಪಿಂಚಣಿಗೆ ಸಂಬಳದ ಶೇ 18.6. ಆರೋಗ್ಯ ವಿಮೆಗೆ ಶೇ 14.6, ಅದರ ಮೇಲೆ ಆಯಾ ವಿಮಾ ಸಂಸ್ಥೆಯ ಹೆಚ್ಚುವರಿ ದರ, ಸರಾಸರಿ ಶೇ 2.9. ವಯಸ್ಸಾದಾಗ ಅಥವಾ ಹಾಸಿಗೆ ಹಿಡಿದಾಗ ನೋಡಿಕೊಳ್ಳುವವರ ಖರ್ಚಿಗೆಂದು ಇರುವ ಆರೈಕೆ ವಿಮೆಗೆ ಶೇ 3.6. ನಿರುದ್ಯೋಗ ವಿಮೆಗೆ ಶೇ 2.6. ಇವನ್ನೆಲ್ಲ ನೌಕರ ಅರ್ಧ, ಕಂಪನಿ ಅರ್ಧ ಕಟ್ಟಬೇಕು. ಮಕ್ಕಳಿಲ್ಲದ, 23 ವರ್ಷ ದಾಟಿದ ನೌಕರರು ಆರೈಕೆ ವಿಮೆಗೆ ಇನ್ನೂ ಶೇ 0.6 ತಾವೇ ಸೇರಿಸಿ ಕೊಡಬೇಕು. 5,000 ಯೂರೋ ಸಂಬಳಕ್ಕೆ ಲೆಕ್ಕ ಹಾಕಿದರೆ ನೌಕರರ ಪಾಲು 1,087.50 ಯೂರೋ ಆಗುತ್ತದೆ. ಆದಾಯ ತೆರಿಗೆ 800 ಯೂರೋ ಒಳಗೇ ಇರುತ್ತದೆ. ಅಂದರೆ ಕಡಿತದ ದೊಡ್ಡ ಪಾಲು ತೆರಿಗೆಯಲ್ಲ, ವಂತಿಗೆ.

ಕಂಪನಿಯೂ ಇದೇ ಲೆಕ್ಕದಲ್ಲಿ 1,057.50 ಯೂರೋ ಕಟ್ಟುತ್ತದೆ. ಕೆಲಸದ ಜಾಗದಲ್ಲಿ ಆಗುವ ಅಪಘಾತದ ವಿಮೆಯನ್ನು ಪೂರ್ತಿಯಾಗಿ ಅದೇ ಭರಿಸುತ್ತದೆ. 5,000 ಸಂಬಳದ ಒಬ್ಬ ನೌಕರನಿಗೆ ಕಂಪನಿಯ ಖರ್ಚು ತಿಂಗಳಿಗೆ 6,000 ಯೂರೋ ದಾಟುತ್ತದೆ. ಜರ್ಮನಿಯ ‘ಸೌಲಭ್ಯ’ಗಳೆಂದು ನಾವು ದೂರದಿಂದ ಹೊಗಳುವುದೆಲ್ಲ ನಿಂತಿರುವುದು ಈ ಎರಡು ಪಾಲುಗಳ ಮೇಲೆ. ಸರ್ಕಾರ ಇದನ್ನು ಪುಕ್ಕಟೆ ಹಂಚುತ್ತಿಲ್ಲ. ಕಂಪನಿ ದೊಡ್ಡ ಮನಸ್ಸಿನಿಂದ ಕೊಡುತ್ತಲೂ ಇಲ್ಲ. ದುಡಿಯುವವರ ಸಂಬಳದ ಒಂದು ಭಾಗ ಒಂದು ಸಾಮಾನ್ಯ ನಿಧಿಗೆ ಹೋಗುತ್ತದೆ. ಕಷ್ಟ ಬಂದವರಿಗೆ ಅಲ್ಲಿಂದ ಬರುತ್ತದೆ. ಆ ನಿಧಿಗೆ ಯಾರು ಕಟ್ಟುತ್ತಾರೆ, ಯಾರು ಕಟ್ಟದೆ ಹೊರಗೆ ಉಳಿದಿದ್ದಾರೆ ಎಂಬುದರ ಮೇಲೆ ಇವತ್ತು ಜರ್ಮನಿಯಲ್ಲಿ ದೊಡ್ಡ ಜಗಳ ನಡೆಯುತ್ತಿದೆ.

ಇದು ಹೊಸ ವ್ಯವಸ್ಥೆಯೇನಲ್ಲ. ಚಾನ್ಸಲರ್ ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ ಆರೋಗ್ಯ ವಿಮೆಯ ಕಾನೂನು ಬಂತು. 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಮುಪ್ಪಿನ ಮತ್ತು ಅಂಗವೈಕಲ್ಯದ ಪಿಂಚಣಿ. ಬಿಸ್ಮಾರ್ಕ್ ಕಾರ್ಮಿಕರ ಗೆಳೆಯನಾಗಿರಲಿಲ್ಲ. ಸಮಾಜವಾದಿಗಳ ಸಂಘಟನೆಗಳನ್ನು 1878ರಲ್ಲೇ ನಿಷೇಧಿಸಿದ್ದವನು ಅವನೇ. ಕಾರ್ಮಿಕರು ಅವರ ಕಡೆ ವಾಲಬಾರದು ಅನ್ನುವುದೂ ಈ ಕಾನೂನುಗಳ ಹಿಂದಿನ ಲೆಕ್ಕಾಚಾರವಾಗಿತ್ತು. ಮೊದಲ ಕಾನೂನಿನಲ್ಲಿ ಪಿಂಚಣಿ ವಯಸ್ಸು 70. ಅಷ್ಟು ವರ್ಷ ಬದುಕುತ್ತಿದ್ದ ಕಾರ್ಮಿಕರೇ ಕಮ್ಮಿ. ಅದು 65ಕ್ಕೆ ಇಳಿದದ್ದು 1916ರಲ್ಲಿ. 1927ರಲ್ಲಿ ನಿರುದ್ಯೋಗ ವಿಮೆ ಸೇರಿತು, ಆರೈಕೆ ವಿಮೆ ಬರಲು 1995 ಆಗಬೇಕಾಯಿತು. ಎರಡು ಮಹಾಯುದ್ಧ, ಹಿಟ್ಲರ್‌ನ ಆಡಳಿತ, ದೇಶದ ವಿಭಜನೆ, ಮತ್ತೆ ಒಂದಾದದ್ದು, ಇಷ್ಟೆಲ್ಲ ದಾಟಿಯೂ ಈ ಚೌಕಟ್ಟು ಉಳಿದಿದೆ.

ಕಾಯಿಲೆ ಬಿದ್ದವರ ಸಂಬಳ

ಈ ಹಕ್ಕುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕಾಯಿಲೆಯ ದಿನಗಳ ಸಂಬಳ. ಕೆಲಸಕ್ಕೆ ಸೇರಿ ನಾಲ್ಕು ವಾರ ಆದಮೇಲೆ ಯಾರಿಗೇ ಹುಷಾರು ತಪ್ಪಿದರೂ ಆರು ವಾರಗಳವರೆಗೆ ಕಂಪನಿ ಪೂರ್ತಿ ಸಂಬಳ ಕೊಡಬೇಕು. ವರ್ಷಕ್ಕೆ ಇಷ್ಟೇ ಸಿಕ್ ಲೀವ್ ಅನ್ನುವ ಕೋಟಾ ಇಲ್ಲ. ಬೇರೆ ಕಾಯಿಲೆ ಬಂದರೆ ಸಾಮಾನ್ಯವಾಗಿ ಆರು ವಾರದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಆರು ವಾರ ದಾಟಿದರೆ ಸರ್ಕಾರಿ ಆರೋಗ್ಯ ವಿಮಾ ಸಂಸ್ಥೆ ಹೊಣೆ ಹೊರುತ್ತದೆ. ಇದಕ್ಕೆ ಅಲ್ಲಿ ಕ್ರಾಂಕೆನ್‌ಕಾಸ್ಸೆ ಅನ್ನುತ್ತಾರೆ. ಅದು ಒಟ್ಟು ಸಂಬಳದ ಶೇ 70ರಷ್ಟು ಕೊಡುತ್ತದೆ, ಆದರೆ ಕೈಗೆ ಬರುತ್ತಿದ್ದ ಸಂಬಳದ ಶೇ 90 ಮೀರುವಂತಿಲ್ಲ. ಒಂದೇ ಕಾಯಿಲೆಗೆ ಮೂರು ವರ್ಷದ ಅವಧಿಯಲ್ಲಿ, ಕಂಪನಿ ಸಂಬಳ ಕೊಟ್ಟ ಆರು ವಾರವೂ ಸೇರಿ, ಇದು 78 ವಾರಗಳವರೆಗೆ ನಡೆಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಒಬ್ಬ ತಾಯಿಗೆ, ಬೆನ್ನುಹುರಿಯ ಆಪರೇಷನ್ ಆದ ಒಬ್ಬ ಲಾರಿ ಚಾಲಕನಿಗೆ ಇದರ ಬೆಲೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ವಾರ್ಷಿಕ ರಜೆಯ ನಡುವೆ ಜ್ವರ ಬಂದರೂ ಅಷ್ಟೇ. ವೈದ್ಯರ ಚೀಟಿ ಇದ್ದರೆ ಆ ದಿನಗಳನ್ನು ರಜೆಯಿಂದ ಕಳೆಯುವಂತಿಲ್ಲ. ರಜೆ ಇರುವುದು ವಿಶ್ರಾಂತಿಗೆ, ಕಾಯಿಲೆ ಬಿದ್ದವರಿಗೆ ಅದು ಸಿಕ್ಕಿರುವುದಿಲ್ಲ ಎಂಬುದು ಕಾನೂನಿನ ನಿಲುವು.

ಈ ಹಕ್ಕು ಮೇಲಿನಿಂದ ಯಾರೋ ದಯಪಾಲಿಸಿದ್ದಲ್ಲ. ಆಫೀಸಿನ ನೌಕರರಿಗೆ ಮೊದಲಿನಿಂದಲೂ ಕಾಯಿಲೆಯಲ್ಲಿ ಸಂಬಳ ಸಿಗುತ್ತಿತ್ತು. ಕೈಕೆಸರು ಮಾಡಿಕೊಂಡು ದುಡಿಯುವ ಕಾರ್ಮಿಕರಿಗೆ ಸಿಗುತ್ತಿರಲಿಲ್ಲ. 1956ರ ಅಕ್ಟೋಬರ್‌ನಲ್ಲಿ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ ಲೋಹ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಕೀಲ್ ಮೊದಲಾದ ಊರುಗಳ ಹಡಗುಕಟ್ಟೆಗಳು, ಕಾರ್ಖಾನೆಗಳು ನಿಂತವು. ಚಳಿಗಾಲ ಪೂರ್ತಿ, 16 ವಾರ, ಅವರು ಬಗ್ಗಲಿಲ್ಲ. ಕಾರ್ಮಿಕರನ್ನೂ ಆಫೀಸಿನವರನ್ನೂ ಈ ವಿಷಯದಲ್ಲಿ ಸಮಾನವಾಗಿ ಕಾಣುವ ಕಾನೂನು ಪಾಸಾದದ್ದು 1969ರಲ್ಲಿ. 1996ರಲ್ಲಿ ಹೆಲ್ಮುಟ್ ಕೋಲ್ ಸರ್ಕಾರ ಇದನ್ನು ಶೇ 80ಕ್ಕೆ ಇಳಿಸಿತು. ದೊಡ್ಡ ಪ್ರತಿಭಟನೆಗಳಾದವು, ಅನೇಕ ಕಾರ್ಮಿಕ ಸಂಘಗಳು ಕಂಪನಿಗಳ ಜೊತೆ ಮಾತಾಡಿ ಶೇ 100ನ್ನೇ ಉಳಿಸಿಕೊಂಡವು. 1998ರ ಚುನಾವಣೆಯಲ್ಲಿ ಕೋಲ್ ಸೋತರು, 1999ರಲ್ಲಿ ಶ್ರೋಡರ್ ಸರ್ಕಾರ ಹಳೆಯ ನಿಯಮವನ್ನು ಮರಳಿ ತಂದಿತು.

ಈಗ ಮತ್ತೆ ಇದೇ ಚರ್ಚೆ. 2025ರ ಜನವರಿಯಲ್ಲಿ ಅಲಿಯಾನ್ಸ್ ವಿಮಾ ಕಂಪನಿಯ ಮುಖ್ಯಸ್ಥ ಒಲಿವರ್ ಬೇಟೆ ಕಾಯಿಲೆಯ ಮೊದಲ ದಿನಕ್ಕೆ ಸಂಬಳ ಬೇಡ ಎಂದು ಸಲಹೆ ಕೊಟ್ಟರು. ಜರ್ಮನ್ನರು ತೀರಾ ಜಾಸ್ತಿ ಸಿಕ್ ಲೀವ್ ಹಾಕುತ್ತಾರೆ ಎಂಬುದು ಅವರ ದೂರು. ಅಂಕಿಗಳು ಏರಿರುವುದು ನಿಜ. ಆದರೆ ಅದಕ್ಕೊಂದು ಸರಳ ಕಾರಣವೂ ಇದೆ. ಮೊದಲು ವೈದ್ಯರು ಕೊಟ್ಟ ಕಾಗದದ ಚೀಟಿಯನ್ನು ನೌಕರರೇ ವಿಮಾ ಸಂಸ್ಥೆಗೆ ಕಳಿಸಬೇಕಿತ್ತು. ಎರಡು ಮೂರು ದಿನದ ನೆಗಡಿಗೆ ಎಷ್ಟೋ ಜನ ಕಳಿಸುತ್ತಲೇ ಇರಲಿಲ್ಲ. ಈಗ ವೈದ್ಯರ ಕಂಪ್ಯೂಟರ್‌ನಿಂದ ಅದು ನೇರವಾಗಿ ಹೋಗುತ್ತದೆ. 2023ರ ಜನವರಿಯಿಂದ ಕಂಪನಿಗಳೂ ಅದನ್ನು ವಿಮಾ ಸಂಸ್ಥೆಯಿಂದ ಡಿಜಿಟಲ್ ಆಗಿಯೇ ಪಡೆಯಬೇಕು. ಮೊದಲು ಲೆಕ್ಕಕ್ಕೆ ಸಿಗದೆ ಹೋಗುತ್ತಿದ್ದ ಕಾಯಿಲೆಗಳು ಈಗ ಲೆಕ್ಕಕ್ಕೆ ಬರುತ್ತಿವೆ.

ಮೊದಲ ದಿನದ ಸಂಬಳ ಕತ್ತರಿಸಿದರೆ ಪೆಟ್ಟು ಬೀಳುವುದು ಮನೆಯಿಂದಲೇ ಲ್ಯಾಪ್‌ಟಾಪ್ ತೆರೆದು ಕೂರಬಲ್ಲ ನನ್ನಂಥವರಿಗಲ್ಲ. ಸೂಪರ್‌ಮಾರ್ಕೆಟ್‌ನ ಕೌಂಟರ್‌ನಲ್ಲಿ ನಿಲ್ಲುವವರಿಗೆ, ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರನ್ನು ಎತ್ತಿ ಕೂರಿಸುವವರಿಗೆ. ಜ್ವರ ಇಟ್ಟುಕೊಂಡೇ ಅವರು ಕೆಲಸಕ್ಕೆ ಬಂದರೆ ಯಾರಿಗೆ ಒಳ್ಳೆಯದು?

ಮಗು ಬಂದಾಗ

ಹೆರಿಗೆಗೆ ಆರು ವಾರ ಮುಂಚೆಯಿಂದ ಎಂಟು ವಾರ ಆಮೇಲಿನವರೆಗೆ ತಾಯಿಗೆ ರಜೆ, ಕೈಗೆ ಬರುತ್ತಿದ್ದ ಸಂಬಳಕ್ಕೆ ಸಮನಾದ ಹಣ. ಅವಧಿ ನಮ್ಮ 26 ವಾರಕ್ಕಿಂತ ಕಮ್ಮಿ ಅಂತ ಕಾಣುತ್ತದೆ, ಅಲ್ವಾ? ಹಣ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಬೇಕು. ವಿಮಾ ಸಂಸ್ಥೆ ದಿನಕ್ಕೆ 13 ಯೂರೋವರೆಗೆ ಕೊಡುತ್ತದೆ, ಮಿಕ್ಕಿದ್ದನ್ನು ಕಂಪನಿ ತುಂಬುತ್ತದೆ. ಕಂಪನಿ ತುಂಬಿದ್ದು ಅದಕ್ಕೆ ಪೂರ್ತಿ ವಾಪಸ್ ಬರುತ್ತದೆ. ಇದಕ್ಕೆಂದೇ ಎಲ್ಲ ಕಂಪನಿಗಳೂ, ಗಂಡಸರು ಮಾತ್ರ ಕೆಲಸ ಮಾಡುವ ಗ್ಯಾರೇಜು ಕೂಡ, ಒಂದು ಸಣ್ಣ ವಂತಿಗೆ ಕಟ್ಟುತ್ತವೆ. ಹೆಣ್ಣುಮಗಳನ್ನು ಕೆಲಸಕ್ಕೆ ತೆಗೆದುಕೊಂಡ ಕಂಪನಿಯೊಂದಕ್ಕೇ ಹೊರೆ ಬೀಳುವುದಿಲ್ಲ. ಭಾರತದಲ್ಲಿ ಇಎಸ್‌ಐ ವ್ಯಾಪ್ತಿಗೆ ಬಾರದ ನೌಕರರ ಹೆರಿಗೆ ರಜೆಯ ಸಂಬಳ ಪೂರ್ತಿ ಆ ಕಂಪನಿಯ ತಲೆ ಮೇಲೆ. ಹೊಸದಾಗಿ ಮದುವೆಯಾದ ಹುಡುಗಿಯನ್ನು ಇಂಟರ್‌ವ್ಯೂನಲ್ಲಿ ಅಡ್ಡಪ್ರಶ್ನೆ ಕೇಳಿ ಕೈಬಿಡುವುದರ ಬೇರು ಇಲ್ಲೂ ಇದೆ. ನಾವು ಜರ್ಮನಿಯಿಂದ ಒಂದೇ ಒಂದು ನಿಯಮ ಎರವಲು ತರಬಹುದಾದರೆ ಇದನ್ನೇ ತರಬೇಕು ಅನ್ನಿಸುತ್ತದೆ.

ಆಮೇಲೆ ಅಪ್ಪ ಅಮ್ಮ ಇಬ್ಬರಿಗೂ ಒಂದೊಂದು ಮಗುವಿಗೆ ಮೂರು ವರ್ಷದವರೆಗೆ ರಜೆ ತೆಗೆದುಕೊಳ್ಳುವ ಹಕ್ಕಿದೆ. ಕೆಲಸ ಹೋಗುವುದಿಲ್ಲ. ಕಂಪನಿ ಈ ಅವಧಿಗೆ ಸಂಬಳ ಕೊಡಬೇಕಿಲ್ಲ. ಸರ್ಕಾರ ತೆರಿಗೆ ಹಣದಿಂದ ಎಲ್ಟರ್ನ್‌ಗೆಲ್ಡ್ ಎಂಬ ಭತ್ಯೆ ಕೊಡುತ್ತದೆ. ಇಬ್ಬರೂ ಹಂಚಿಕೊಂಡರೆ 14 ತಿಂಗಳು, ಕೈಗೆ ಬರುತ್ತಿದ್ದ ಸಂಬಳದ ಮೂರನೇ ಎರಡು ಭಾಗದಷ್ಟು. ತಿಂಗಳಿಗೆ ಕನಿಷ್ಠ 300, ಗರಿಷ್ಠ 1,800 ಯೂರೋ. ಈ ಮಿತಿ 2007ರಲ್ಲಿ ಹಾಕಿದ್ದು, ಇವತ್ತಿಗೂ ಬದಲಾಗಿಲ್ಲ. ಅಷ್ಟರಲ್ಲಿ ಮ್ಯೂನಿಕ್, ಬರ್ಲಿನ್‌ಗಳ ಬಾಡಿಗೆ ಎಲ್ಲಿಗೆ ಏರಿದೆ! ಯಾರೂ ಕತ್ತರಿ ಹಾಕದೆಯೇ ಸವೆದುಹೋದ ಸೌಲಭ್ಯ ಇದು. ಮಕ್ಕಳ ಭತ್ಯೆ ಮಾತ್ರ ಆಗಾಗ ಏರುತ್ತದೆ, 2026ರಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 259 ಯೂರೋ. ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಸಿಗಬೇಕೆಂದು 2013ರಿಂದ ಕಾನೂನೇ ಇದೆ. ಆದರೆ ಅನೇಕ ಊರುಗಳಲ್ಲಿ ಜಾಗ ಸಿಗುವುದಿಲ್ಲ, ನೋಡಿಕೊಳ್ಳುವ ಸಿಬ್ಬಂದಿ ಸಾಲದು. ಅಲ್ಲಿ ಅಜ್ಜ ಅಜ್ಜಿ ಜೊತೆಗಿಲ್ಲದ ಕನ್ನಡದ ಮನೆಗಳಿಗೆ ಇದು ಇನ್ನೂ ಜಾಸ್ತಿ ಕಷ್ಟ.

ಕಂಪನಿ ಕೊಡುವುದು

ಹಾಗಾದರೆ ಕಂಪನಿಗಳು ತಾವಾಗಿ ಏನು ಕೊಡುತ್ತವೆ? ಕೇಳಲು ಪಟ್ಟಿ ಉದ್ದ, ತೂಕ ಕಮ್ಮಿ. ತಿಂಗಳಿಗೆ 50 ಯೂರೋವರೆಗಿನ ತೆರಿಗೆಯಿಲ್ಲದ ಕೂಪನ್, ರೈಲು-ಬಸ್ ಪಾಸ್‌ನಲ್ಲಿ ಒಂದು ಪಾಲು, ಸಂಬಳದಿಂದ ಕಂತು ಕಟ್ಟುವ ಸೈಕಲ್, ಉಳಿತಾಯಕ್ಕೆಂದು ತಿಂಗಳಿಗೆ 40 ಯೂರೋವರೆಗೆ. ನಿಜವಾಗಿ ತೂಕ ಇರುವುದು ಕಾರ್ಮಿಕ ಸಂಘಗಳು ಇಡೀ ಉದ್ಯಮಕ್ಕೆ ಮಾಡಿಕೊಳ್ಳುವ ಒಪ್ಪಂದಗಳಿಗೆ. ಕಾನೂನಿನ ಪ್ರಕಾರ ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 20 ದಿನ ರಜೆ ಸಾಕು. ಲೋಹ ಮತ್ತು ಎಲೆಕ್ಟ್ರಿಕಲ್ ಉದ್ಯಮದಲ್ಲಿ ಐಜಿ ಮೆಟಾಲ್ ಸಂಘದ ಒಪ್ಪಂದದಿಂದ 30 ದಿನ ಸಿಗುತ್ತದೆ. ಪಶ್ಚಿಮ ಭಾಗದಲ್ಲಿ ವಾರಕ್ಕೆ 35 ಗಂಟೆ ಕೆಲಸ. 2018ರ ಒಪ್ಪಂದದಿಂದ ಬಂದ ಒಂದು ವಾರ್ಷಿಕ ಭತ್ಯೆಯನ್ನು ಪುಟ್ಟ ಮಕ್ಕಳಿರುವವರು, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು, ಶಿಫ್ಟ್‌ನಲ್ಲಿ ದುಡಿಯುವವರು ಹಣದ ಬದಲು 8 ದಿನದ ರಜೆಯಾಗಿ ಪಡೆಯಬಹುದು. ಹಣಕ್ಕಿಂತ ಸಮಯ ಬೇಕು ಅನ್ನುವ ಮಾತು ಅಲ್ಲಿ ಒಪ್ಪಂದದ ಕಾಗದಕ್ಕೇ ಬಂದಿದೆ.

ಆದರೆ ಇಂಥ ಒಪ್ಪಂದಗಳ ಅಡಿ ಬರುವವರು ಈಗ ನೌಕರರಲ್ಲಿ ಅರ್ಧದಷ್ಟು ಜನ ಮಾತ್ರ. ಸ್ಟಾರ್ಟಪ್‌ಗಳಲ್ಲಿ, ಸಣ್ಣ ಐಟಿ ಕಂಪನಿಗಳಲ್ಲಿ ಇವು ಅಪರೂಪ. ನಮ್ಮವರು ಸೇರುವುದು ಇಂಥ ಕಡೆಗಳಲ್ಲೂ ತುಂಬಾ. ಹಾಗಾಗಿ ಆಫರ್ ಬಂದಾಗ ಒಟ್ಟು ಸಂಬಳದ ಅಂಕಿ ಒಂದನ್ನೇ ನೋಡಬಾರದು. ಆ ಕಂಪನಿ ಒಪ್ಪಂದದ ಒಳಗಿದೆಯೇ, ಅಲ್ಲಿ ನೌಕರರ ಸಮಿತಿ ಇದೆಯೇ ಅಂತ ಕೇಳಿ ತಿಳಿಯಬೇಕು. ಕಂಪನಿಯ ಪಿಂಚಣಿ ಯೋಜನೆಯನ್ನೂ ಕೇಳಬೇಕು. ಸಂಬಳದ ಒಂದು ಭಾಗವನ್ನು ಇಂಥ ಯೋಜನೆಗೆ ಹಾಕಿಸುವ ಹಕ್ಕು 2002ರಿಂದ ನೌಕರರಿಗಿದೆ. ಅದರಿಂದ ಕಂಪನಿಗೆ ವಂತಿಗೆ ಉಳಿಯುವುದರಿಂದ ಅದು ಶೇ 15ರವರೆಗೆ ಸೇರಿಸಬೇಕೆಂದು ಆಮೇಲೆ ನಿಯಮ ಬಂತು. ಇದನ್ನು ಕೇಳಿ ಪಡೆಯುವವರು ಕಮ್ಮಿ.

ಕೆಲಸ ಹೋದರೆ? ಹಿಂದಿನ 30 ತಿಂಗಳಲ್ಲಿ 12 ತಿಂಗಳು ವಂತಿಗೆ ಕಟ್ಟಿದ್ದರೆ ನಿರುದ್ಯೋಗ ವಿಮೆ ಸಿಗುತ್ತದೆ. ಕೈಗೆ ಬರುತ್ತಿದ್ದ ಸಂಬಳದ ಶೇ 60, ಮಕ್ಕಳಿದ್ದರೆ ಶೇ 67. ಎರಡು ವರ್ಷ ಕಟ್ಟಿದವರಿಗೆ ಒಂದು ವರ್ಷದವರೆಗೆ, ವಯಸ್ಸಾದವರಿಗೆ ಇನ್ನೂ ಜಾಸ್ತಿ. ತಾವಾಗಿ ರಾಜೀನಾಮೆ ಕೊಟ್ಟರೆ ಸಾಮಾನ್ಯವಾಗಿ 12 ವಾರ ಹಣ ನಿಲ್ಲಿಸುತ್ತಾರೆ. ಕಂಪನಿ ‘ಪರಸ್ಪರ ಒಪ್ಪಿಗೆಯಿಂದ ಬಿಡುತ್ತಿದ್ದೇನೆ’ ಎಂಬ ಕಾಗದ ಮುಂದಿಟ್ಟು ಸಹಿ ಕೇಳಿದಾಗಲೂ ಈ ಅಪಾಯ ಇದೆ. ಗಡಿಬಿಡಿಯಲ್ಲಿ ಸಹಿ ಹಾಕಬೇಡಿ, ಮೊದಲು ವಕೀಲರನ್ನೋ ಕಾರ್ಮಿಕ ಸಂಘವನ್ನೋ ಕೇಳಿ. ಬಾಷ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ವಾಹನ ಬಿಡಿಭಾಗಗಳ ವಿಭಾಗದಲ್ಲಿ ಇನ್ನೂ 13,000 ಉದ್ಯೋಗ ಕಡಿತವನ್ನು ಘೋಷಿಸಿದಮೇಲೆ ಈ ಮಾತು ಬರೀ ಎಚ್ಚರಿಕೆಯಾಗಿ ಉಳಿದಿಲ್ಲ.

ನಿಧಿಯ ಹೊರಗೆ ಇರುವವರು

ಇನ್ನು ಮೂಲ ಪ್ರಶ್ನೆಗೆ ಬರೋಣ. ಎಲ್ಲರೂ ಕಟ್ಟುವ ನಿಧಿ ಅಂದೆನಲ್ಲ, ನಿಜವಾಗಿ ಎಲ್ಲರೂ ಕಟ್ಟುವುದಿಲ್ಲ.

ಮೊದಲನೆಯದು ಖಾಸಗಿ ಆರೋಗ್ಯ ವಿಮೆ. 2026ರಲ್ಲಿ ವರ್ಷಕ್ಕೆ 77,400 ಯೂರೋಗಿಂತ ಜಾಸ್ತಿ ಸಂಬಳ ಇರುವವರು ಸರ್ಕಾರಿ ವಿಮೆ ಬಿಟ್ಟು ಖಾಸಗಿಗೆ ಹೋಗಬಹುದು. ಸರ್ಕಾರಿ ವಿಮೆಯಲ್ಲಿ ವಂತಿಗೆ ಸಂಬಳಕ್ಕೆ ತಕ್ಕಂತೆ. ಖಾಸಗಿಯಲ್ಲಿ ವಯಸ್ಸು, ಆರೋಗ್ಯ ನೋಡಿ. ಹಾಗಾಗಿ ಗಟ್ಟಿಮುಟ್ಟಾದ, ಒಳ್ಳೆಯ ಸಂಬಳದ ಯುವಕರಿಗೆ ಖಾಸಗಿ ಅಗ್ಗವಾಗಿ ಕಾಣುತ್ತದೆ. ವೈದ್ಯರಿಗೆ ಹೆಚ್ಚು ಶುಲ್ಕ ಸಿಗುವುದರಿಂದ ಅಪಾಯಿಂಟ್‌ಮೆಂಟ್ ಕೂಡ ಬೇಗ ಸಿಗುತ್ತದೆ. ಹೀಗೆ ಜಾಸ್ತಿ ಕಟ್ಟಬಲ್ಲವರು, ಕಮ್ಮಿ ಕಾಯಿಲೆ ಬೀಳುವವರು ಹೊರಗೆ ಹೋಗುತ್ತಾರೆ. ವಯಸ್ಸಾದವರು, ಕಮ್ಮಿ ಸಂಬಳದವರು, ದೊಡ್ಡ ಸಂಸಾರದವರು ಒಳಗೆ ಉಳಿಯುತ್ತಾರೆ. ಆಮೇಲೆ ದರ ಏರಿದಾಗ ಯಾಕೆ ಏರಿತು ಅಂತ ಆಶ್ಚರ್ಯಪಡುವುದರಲ್ಲಿ ಅರ್ಥವಿಲ್ಲ.

ಬೆಂಗಳೂರಿನಿಂದ ಹೋಗುವವರಿಗೆ ಏಜೆಂಟರು ಖಾಸಗಿ ವಿಮೆಯನ್ನು ಹುರುಪಿನಿಂದ ಮಾರುತ್ತಾರೆ. ಇದರಲ್ಲಿ ನನಗೆ ನಿಜಕ್ಕೂ ಕಳವಳ ಇದೆ. ಸರ್ಕಾರಿ ವಿಮೆಯಲ್ಲಿ ಆದಾಯವಿಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ಹೆಚ್ಚಿನ ವಂತಿಗೆ ಇಲ್ಲದೆ ಸೇರುತ್ತಾರೆ. ಖಾಸಗಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರೀಮಿಯಂ. ಮೂವತ್ತರ ವಯಸ್ಸಿನಲ್ಲಿ ಒಬ್ಬರೇ ಇದ್ದಾಗ ಉಳಿದ ಹಣ ಸಂಸಾರ ಬೆಳೆದಾಗ ಕರಗಿಹೋಗುತ್ತದೆ. ವಾಪಸ್ ಬರುವುದೂ ಸುಲಭವಿಲ್ಲ. ಸಂಬಳ ಆ ಮಿತಿಗಿಂತ ಕೆಳಗೆ ಇಳಿದರೆ ದಾರಿ ತೆರೆಯುತ್ತದೆ, 55 ವರ್ಷ ದಾಟಿದಮೇಲೆ ಅದೂ ಹೆಚ್ಚೂಕಡಿಮೆ ಮುಚ್ಚುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡ ಗಾಯ. ಜರ್ಮನಿಯ ಸರ್ಕಾರಿ ಕೆಲಸದಲ್ಲಿ ಎರಡು ಜಾತಿ ಇವೆ. ಒಂದು, ಒಪ್ಪಂದದ ಮೇಲಿನ ನೌಕರರು. ಅವರು ಖಾಸಗಿಯವರ ಹಾಗೆಯೇ ಎಲ್ಲ ವಂತಿಗೆ ಕಟ್ಟುತ್ತಾರೆ, ಜೊತೆಗೆ ಒಂದು ಹೆಚ್ಚುವರಿ ಪಿಂಚಣಿ ಇರುತ್ತದೆ. ಇನ್ನೊಂದು, ಬೆಯಾಮ್ಟೆ ಎಂದು ಕರೆಯುವ ಜೀವಮಾನದ ಅಧಿಕಾರಿ ವರ್ಗ. ಪೊಲೀಸರು, ನ್ಯಾಯಾಂಗದವರು, ತೆರಿಗೆ ಅಧಿಕಾರಿಗಳು, ಬಹಳಷ್ಟು ರಾಜ್ಯಗಳಲ್ಲಿ ಶಾಲಾ ಶಿಕ್ಷಕರು. ಇವರು ಪಿಂಚಣಿಗೆ ಒಂದು ಯೂರೋ ಕೂಡ ಕಟ್ಟುವುದಿಲ್ಲ. 40 ವರ್ಷ ಸೇವೆ ಮಾಡಿದರೆ ಕೊನೆಯ ಸಂಬಳದ ಶೇ 71.75ರವರೆಗೆ ಪಿಂಚಣಿ ಬರುತ್ತದೆ, ತೆರಿಗೆ ಹಣದಿಂದ. ಚಿಕಿತ್ಸೆಯ ಖರ್ಚಿನಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿಯನ್ನು ಸರ್ಕಾರ ಕೊಡುತ್ತದೆ, ಮಿಕ್ಕಿದ್ದಕ್ಕೆ ಅಗ್ಗದ ಖಾಸಗಿ ವಿಮೆ ಮಾಡಿಸುತ್ತಾರೆ. ಒಂದೇ ಶಾಲೆಯ ಒಂದೇ ಸ್ಟಾಫ್ ರೂಮಿನಲ್ಲಿ ಒಬ್ಬ ಮೇಷ್ಟ್ರು ಬೆಯಾಮ್ಟೆ, ಪಕ್ಕದ ಮೇಷ್ಟ್ರು ಒಪ್ಪಂದದವರು. ಪಾಠ ಒಂದೇ, ಮಕ್ಕಳು ಅವರೇ. ಕೈಗೆ ಬರುವ ಸಂಬಳ, ಮುಪ್ಪಿನ ಬದುಕು ಬೇರೆ ಬೇರೆ.

ಇದಕ್ಕೆ ಪ್ರತಿಯಾಗಿ ಅವರು ಒಂದನ್ನು ಬಿಟ್ಟುಕೊಟ್ಟಿದ್ದಾರೆ, ಮುಷ್ಕರ ಮಾಡುವ ಹಕ್ಕು. ಕೆಲವು ಶಿಕ್ಷಕರು ಇದನ್ನು ಪ್ರಶ್ನಿಸಿದರು. ಜರ್ಮನಿಯ ಸಂವಿಧಾನ ನ್ಯಾಯಾಲಯ 2018ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2023ರ ಡಿಸೆಂಬರ್‌ನಲ್ಲಿ ಅದನ್ನೇ ಒಪ್ಪಿತು. ಆ ಹಕ್ಕು ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಪ್ರತಿಫಲ ಕೊಡಲು ಒಂದು ವರ್ಗವನ್ನೇ ಸಾಮಾನ್ಯ ನಿಧಿಯಿಂದ ಹೊರಗೆ ಇಡಬೇಕಿಲ್ಲ. ಪಕ್ಕದ ಆಸ್ಟ್ರಿಯಾ ಎರಡು ದಶಕದ ಹಿಂದೆಯೇ ಹೊಸದಾಗಿ ಸೇರುವ ಸರ್ಕಾರಿ ಅಧಿಕಾರಿಗಳನ್ನು ಎಲ್ಲರ ಪಿಂಚಣಿ ನಿಯಮದ ಕಡೆ ತಂದಿತು. 2025ರ ಮೇ ತಿಂಗಳಲ್ಲಿ ಕಾರ್ಮಿಕ ಸಚಿವೆಯಾದ ಬೆರ್ಬೆಲ್ ಬಾಸ್ ಅಧಿಕಾರ ಹಿಡಿದ ಕೂಡಲೇ ಬೆಯಾಮ್ಟೆಗಳೂ, ಸ್ವಂತ ಉದ್ಯೋಗದವರೂ, ಸಂಸದರೂ ಪಿಂಚಣಿ ನಿಧಿಗೆ ಕಟ್ಟಬೇಕು ಎಂದರು. ಮಿತ್ರಪಕ್ಷ ಸಿಡಿಯು ಒಪ್ಪಲಿಲ್ಲ, ಅಧಿಕಾರಿಗಳ ಸಂಘಗಳೂ ತಿರುಗಿಬಿದ್ದವು. ಅವರನ್ನು ಒಳಗೆ ತಂದರೆ ಮುಂದೆ ಅವರಿಗೂ ಪಿಂಚಣಿ ಕೊಡಬೇಕಲ್ಲ, ಲಾಭ ಎಲ್ಲಿ ಎಂಬ ವಾದ ಇದೆ. ಹಣದ ಲೆಕ್ಕದಲ್ಲಿ ಅದರಲ್ಲಿ ಹುರುಳಿದೆ. ಆದರೆ ನಿಯಮ ಮಾಡುವವರೇ ಆ ನಿಯಮದ ಹೊರಗೆ ಇದ್ದರೆ ಕಟ್ಟುವವರ ನಂಬಿಕೆ ಉಳಿಯುತ್ತದೆಯೇ? 2006ರ ಏಪ್ರಿಲ್ ನಂತರ ಸೇರಿ ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಗೆ ಒಳಪಟ್ಟ ಕರ್ನಾಟಕದ ಸರ್ಕಾರಿ ನೌಕರರು, ಅದಕ್ಕೂ ಮುಂಚೆ ಸೇರಿದ ಸಹೋದ್ಯೋಗಿಗಳ ಪಕ್ಕ ಕೂತು ದುಡಿಯುವಾಗ ಅನುಭವಿಸುವ ಸಂಕಟ ಗೊತ್ತಿರುವವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ.

ವೈದ್ಯರು, ವಕೀಲರು ತಮ್ಮದೇ ಪಿಂಚಣಿ ನಿಧಿಗಳನ್ನು ಕಟ್ಟಿಕೊಂಡಿದ್ದಾರೆ. ಒಳಗೆ ಇರುವ ಶ್ರೀಮಂತರಿಗೂ ಮಿತಿ ಇದೆ. 2026ರಲ್ಲಿ ತಿಂಗಳಿಗೆ 8,450 ಯೂರೋವರೆಗಿನ ಸಂಬಳಕ್ಕೆ ಮಾತ್ರ ಪಿಂಚಣಿ ವಂತಿಗೆ, 5,812.50ರವರೆಗೆ ಮಾತ್ರ ಆರೋಗ್ಯ ವಂತಿಗೆ. ಅದರ ಮೇಲಿನ ಸಂಬಳ ಮುಟ್ಟುವಂತಿಲ್ಲ.

ಇದೆಲ್ಲ ಈಗ ಯಾಕೆ ಸುಡುತ್ತಿದೆ ಅಂದರೆ ಜನಸಂಖ್ಯೆ. ಪಿಂಚಣಿ ಹಣ ಎಲ್ಲೂ ಕೂಡಿಟ್ಟಿಲ್ಲ. ಈ ತಿಂಗಳು ದುಡಿಯುವವರು ಕಟ್ಟಿದ್ದು ಈ ತಿಂಗಳೇ ಹಿರಿಯರಿಗೆ ಹೋಗುತ್ತದೆ. 1957ರ ಸುಧಾರಣೆಯಿಂದ ನಡೆದು ಬಂದ ಪದ್ಧತಿ ಇದು. 1960ರ ದಶಕದ ಆರಂಭದಲ್ಲಿ ಒಬ್ಬ ಪಿಂಚಣಿದಾರರಿಗೆ ಸುಮಾರು ಆರು ಜನ ವಂತಿಗೆದಾರರಿದ್ದರು. ಈಗ ಇಬ್ಬರು. ಕೊರತೆ ತುಂಬಲು ಕೇಂದ್ರ ಸರ್ಕಾರ ವರ್ಷಕ್ಕೆ 100 ಬಿಲಿಯನ್ ಯೂರೋಗಿಂತ ಜಾಸ್ತಿ ಕೊಡುತ್ತಿದೆ. ಪಿಂಚಣಿ ವಯಸ್ಸು 2031ರ ಹೊತ್ತಿಗೆ 67 ಆಗುತ್ತದೆ. ಅಷ್ಟಾದರೂ ಪಿಂಚಣಿ ಏನೂ ದೊಡ್ಡದಲ್ಲ. ದೇಶದ ಸರಾಸರಿ ಸಂಬಳ ಪಡೆದು ಒಂದು ವರ್ಷ ದುಡಿದರೆ ಪಿಂಚಣಿಯ ಲೆಕ್ಕಕ್ಕೆ ಒಂದು ಅಂಕ. 2025ರ ಜುಲೈನಲ್ಲಿ ನಿಗದಿಯಾದ ದರದಲ್ಲಿ ಒಂದು ಅಂಕಕ್ಕೆ ತಿಂಗಳಿಗೆ 40.79 ಯೂರೋ. 45 ವರ್ಷ ಬಿಡದೆ ದುಡಿದರೂ 1,835 ಯೂರೋ, ಅದರಲ್ಲೂ ಆರೋಗ್ಯ ವಿಮೆಗೆ ಕಡಿತ ಇದೆ. ಮಕ್ಕಳಿಗಾಗಿ ಅರ್ಧ ದಿನ ಕೆಲಸ ಮಾಡಿದ ಅಮ್ಮಂದಿರ ಕೈಗೆ ಎಷ್ಟು ಬರುತ್ತದೆ ಅಂತ ಯೋಚಿಸಿ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಂದು ಪಿಂಚಣಿ ಪ್ಯಾಕೇಜ್ ಪಾಸು ಮಾಡಿತು. ಸರಾಸರಿ ಸಂಬಳದ ಎದುರು ಪಿಂಚಣಿಯ ಮಟ್ಟವನ್ನು 2031ರವರೆಗೆ ಶೇ 48ಕ್ಕಿಂತ ಇಳಿಯಲು ಬಿಡುವುದಿಲ್ಲ ಎಂಬುದು ಅದರ ಸಾರ. ಚಾನ್ಸಲರ್ ಮೆರ್ಸ್ ಪಕ್ಷದ ಯುವ ಸಂಸದರೇ ಇದನ್ನು ವಿರೋಧಿಸಿದ್ದರು. ಹೊರೆ ಪೂರ್ತಿ ತಮ್ಮ ಪೀಳಿಗೆ ಮೇಲೆ ಬೀಳುತ್ತದೆ ಅನ್ನುವುದು ಅವರ ಸಿಟ್ಟು. ಪಿಂಚಣಿ ವಯಸ್ಸು ದಾಟಿಯೂ ನೌಕರಿ ಮುಂದುವರಿಸುವವರ ಸಂಬಳದಲ್ಲಿ ತಿಂಗಳಿಗೆ 2,000 ಯೂರೋಗೆ ತೆರಿಗೆ ಇಲ್ಲ ಎಂಬ ನಿಯಮವೂ 2026ರ ಜನವರಿಯಿಂದ ಬಂದಿದೆ. ಯುವ ಸಂಸದರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹಿರಿಯರ ಪಿಂಚಣಿ ಇಳಿಸುವ ಮಾತಿಗಿಂತ ಮುಂಚೆ, ಕಟ್ಟದವರನ್ನು ಒಳಗೆ ತರುವ ಮಾತು ಬರಬೇಕಿತ್ತು.

ನಮ್ಮವರ ಪಾಲು

ಈ ಲೆಕ್ಕದಲ್ಲಿ ಭಾರತದಿಂದ ಹೋದವರ ಪಾತ್ರ ಸಣ್ಣದಲ್ಲ. 2024ರ ಆರಂಭದಲ್ಲೇ ಸುಮಾರು 1.37 ಲಕ್ಷ ಭಾರತೀಯರು ಅಲ್ಲಿ ವಂತಿಗೆ ಕಟ್ಟುವ ಉದ್ಯೋಗಗಳಲ್ಲಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಗಿನ ಚಾನ್ಸಲರ್ ಶೋಲ್ಟ್ಸ್ ದೆಹಲಿಗೆ ಬಂದಾಗ ಭಾರತದ ಕುಶಲ ನೌಕರರಿಗೆ ವರ್ಷಕ್ಕೆ 20,000 ಇದ್ದ ವೀಸಾ ಸಂಖ್ಯೆಯನ್ನು 90,000ಕ್ಕೆ ಏರಿಸುವ ಸುದ್ದಿ ಬಂತು. ಹೋಗುವವರು ಯುವಕರು, ಯುವತಿಯರು. ಸಂಬಳ ಚೆನ್ನಾಗಿದೆ, ಆಸ್ಪತ್ರೆಗೆ ಹೋಗುವುದು ಕಮ್ಮಿ, ಪಿಂಚಣಿಗೆ ದಶಕಗಳು ಇವೆ. ನಿಧಿಗೆ ಬೇಕಾದದ್ದು ಇಂಥವರೇ.

ಹಾಗಾಗಿ ತಮ್ಮ ಹಕ್ಕು ಏನು ಅಂತ ಅವರಿಗೆ ಗೊತ್ತಿರಬೇಕು. ಭಾರತ-ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ಕಂಪನಿಯೇ ಅಲ್ಲಿಗೆ ಕಳಿಸಿದ್ದರೆ, ಇಪಿಎಫ್‌ಒದಿಂದ ಪ್ರಮಾಣಪತ್ರ ತೆಗೆದುಕೊಂಡು 48 ತಿಂಗಳವರೆಗೆ ಅಲ್ಲಿನ ಪಿಂಚಣಿ ವಂತಿಗೆಯಿಂದ ವಿನಾಯಿತಿ ಪಡೆಯಬಹುದು. ಜರ್ಮನಿಯ ಕಂಪನಿಗೇ ಸೇರಿದ್ದರೆ ಕಟ್ಟಲೇಬೇಕು. ಆಗ ನೆನಪಿಡಬೇಕಾದ ಗಡಿ 60 ತಿಂಗಳು. 60 ತಿಂಗಳು ಕಟ್ಟಿದವರಿಗೆ ಮುಪ್ಪಿನಲ್ಲಿ ಪಿಂಚಣಿ ಬರುತ್ತದೆ. ಮೈಸೂರಿಗೋ ಶಿವಮೊಗ್ಗಕ್ಕೋ ವಾಪಸ್ ಬಂದು ನೆಲೆಸಿದ್ದರೂ ಬರುತ್ತದೆ. ಸರಾಸರಿ ಸಂಬಳದಲ್ಲಿ ಐದು ವರ್ಷ ದುಡಿದಿದ್ದರೆ 2025ರ ಜುಲೈ ದರದ ಲೆಕ್ಕಕ್ಕೆ ತಿಂಗಳಿಗೆ ಸುಮಾರು 204 ಯೂರೋ, ಜೀವ ಇರುವವರೆಗೆ. ಆ 60 ತಿಂಗಳ ಅರ್ಹತೆಗೆ ಭಾರತದಲ್ಲಿ ಪಿಎಫ್ ಕಟ್ಟಿದ ಅವಧಿಯನ್ನೂ ಒಪ್ಪಂದದ ಅಡಿ ಸೇರಿಸಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

60 ತಿಂಗಳಿಗಿಂತ ಕಮ್ಮಿ ಕಟ್ಟಿ ಯುರೋಪು ಬಿಟ್ಟು ಬಂದವರು 24 ತಿಂಗಳು ಕಳೆದಮೇಲೆ ತಾವು ಕಟ್ಟಿದ್ದನ್ನು ವಾಪಸ್ ಕೇಳಬಹುದು. ಸಿಗುವುದು ನೌಕರರ ಪಾಲು ಮಾತ್ರ. ಕಂಪನಿ ಕಟ್ಟಿದ ಅರ್ಧ ಅಲ್ಲೇ ಉಳಿಯುತ್ತದೆ. ವಾಪಸ್ ತೆಗೆದುಕೊಂಡರೆ ಆ ವರ್ಷಗಳ ಪಿಂಚಣಿಯ ಹಕ್ಕೂ ಹೋಗುತ್ತದೆ. ಕೈಗೆ ಒಟ್ಟಿಗೆ ಸಿಗುವ ದೊಡ್ಡ ಮೊತ್ತ ಆಸೆ ಹುಟ್ಟಿಸುತ್ತದೆ, ಸಹಜ. ಅರ್ಜಿ ಹಾಕುವ ಮೊದಲು ಪಿಎಫ್ ಅವಧಿ ಸೇರಿಸಿದರೆ 60 ತಿಂಗಳು ಆಗುತ್ತದೆಯೇ ಅಂತ ಒಮ್ಮೆ ಲೆಕ್ಕ ಹಾಕಿ.

ಕುಶಲ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿ ಮೇಲೆ ಹೋದವರಿಗೆ ಈ ವಂತಿಗೆ ಇನ್ನೊಂದು ಬಾಗಿಲನ್ನೂ ತೆರೆಯುತ್ತದೆ. 27 ತಿಂಗಳು, ಜರ್ಮನ್ ಭಾಷೆ ಬಿ1 ಮಟ್ಟಕ್ಕೆ ಬಂದರೆ 21 ತಿಂಗಳು, ಪಿಂಚಣಿ ವಂತಿಗೆ ಕಟ್ಟಿ ಕೆಲಸ ಮಾಡಿದವರು ಕಾಯಂ ವಾಸದ ಪರವಾನಗಿ ಕೇಳಬಹುದು. ಓದುತ್ತಾ ವಾರಕ್ಕೆ 20 ಗಂಟೆಯವರೆಗೆ ದುಡಿಯುವ ವಿದ್ಯಾರ್ಥಿಗಳ ಸಂಬಳದಿಂದ ಸಾಮಾನ್ಯವಾಗಿ ಕಡಿತವಾಗುವುದು ಪಿಂಚಣಿ ವಂತಿಗೆ ಒಂದೇ. ಅವರ ಆ ತಿಂಗಳುಗಳೂ ಪಿಂಚಣಿಯ 60ಕ್ಕೆ ಸೇರುತ್ತವೆ. ತಿಂಗಳಿಗೆ 603 ಯೂರೋವರೆಗಿನ ಸಣ್ಣ ಕೆಲಸ ಮಾಡುವವರಿಗೆ, ಊಟ ತಲುಪಿಸುವ ಹುಡುಗರಿಗೂ, ನೌಕರರಾಗಿ ನೇಮಕವಾಗಿದ್ದರೆ ರಜೆಯ ಸಂಬಳ, ಕಾಯಿಲೆಯ ಸಂಬಳ ಕೊಡಬೇಕು. ‘ಮಿನಿಜಾಬ್‌ಗೆ ಅದೆಲ್ಲ ಇಲ್ಲ’ ಅಂತ ಯಾರಾದರೂ ಹೇಳಿದರೆ ಸುಮ್ನೆ ಒಪ್ಪಿಕೊಳ್ಳಬೇಡಿ.

ಜರ್ಮನ್ ಪೌರತ್ವ ಇಲ್ಲದವರಿಗೆ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಇಲ್ಲ. ಅವರ ವಂತಿಗೆಯ ದರವನ್ನು ಬೇರೆಯವರು ಆರಿಸಿದ ಸಂಸದರು ತೀರ್ಮಾನಿಸುತ್ತಾರೆ. ಆದರೆ ಎರಡು ಕಡೆ ಮತ ಇದೆ, ಅಲ್ಲಿ ಪಾಸ್‌ಪೋರ್ಟ್ ಯಾವುದು ಅಂತ ಯಾರೂ ಕೇಳುವುದಿಲ್ಲ. ಐದು ಜನ ಕಾಯಂ ನೌಕರರಿರುವ ಯಾವ ಕಂಪನಿಯಲ್ಲೂ ಬೆಟ್ರೀಬ್ಸ್‌ರಾಟ್ ಎಂಬ ನೌಕರರ ಸಮಿತಿ ರಚಿಸಬಹುದು. ಕೆಲಸದ ವೇಳೆ, ಓವರ್‌ಟೈಮ್, ಉದ್ಯೋಗ ಕಡಿತದಂಥ ವಿಷಯಗಳಲ್ಲಿ ಕಂಪನಿ ಅದರ ಮಾತು ಕೇಳಬೇಕು. ಅದರ ಸಾಮಾನ್ಯ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಮಾರ್ಚ್‌ನಿಂದ ಮೇ ನಡುವೆ. 2026 ಅಂಥ ವರ್ಷ. ಇನ್ನೊಂದು, ಪಿಂಚಣಿ ಮತ್ತು ಆರೋಗ್ಯ ವಿಮಾ ಸಂಸ್ಥೆಗಳ ಆಡಳಿತಕ್ಕೆ ವಿಮೆದಾರರು ಪ್ರತಿನಿಧಿಗಳನ್ನು ಆರಿಸುವ ಚುನಾವಣೆ. ಅದು ಆರು ವರ್ಷಕ್ಕೊಮ್ಮೆ ನಡೆಯುತ್ತದೆ. ಕಳೆದದ್ದು 2023ರಲ್ಲಿ ಆಯಿತು, ಮುಂದಿನದು 2029ಕ್ಕೆ. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಜರ್ಮನ್ ಭಾಷೆಯಲ್ಲಿದೆ ಅಂತ ಅದನ್ನು ಜಾಹೀರಾತಿನ ಕಾಗದಗಳ ಜೊತೆ ಎಸೆಯಬೇಡಿ, ತುಂಬಿ ವಾಪಸ್ ಕಳಿಸಿ.